ಉತಾರ ಮೊಬೈಲಿಗೆ ಬಂತು, ಅಜ್ಜನ ಹೆಸರು ಹಾಗೇ ಉಂಟು

ಊರಲ್ಲಿ ನಾವು ಆರ್‌ಟಿಸಿ ಅಂತೇವೆ, ಪಹಣಿ ಅಂತೇವೆ. ಇಲ್ಲಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಅದಕ್ಕೆ ಉತಾರ ಎನ್ನುತ್ತಾರೆ. ಹೆಸರು ಯಾವುದಾದರೇನು, ಕಾಗದ ಒಂದೇ. ವ್ಯಾಪಾರಕ್ಕೆಂದೋ ಮದ್ರಸದ ಕೆಲಸಕ್ಕೆಂದೋ ಕರಾವಳಿಯಿಂದ ಈ ಎರೆಮಣ್ಣಿನ ಸೀಮೆಗೆ ಬಂದಿರುವ ನಮ್ಮವರಿಗೂ, ತಲೆಮಾರುಗಳಿಂದ ಇಲ್ಲೇ ಒಕ್ಕಲುತನ ಮಾಡಿಕೊಂಡಿರುವ ಇಲ್ಲಿನ ಮುಸ್ಲಿಮರಿಗೂ, ಊರಲ್ಲಿ ನಾಲ್ಕು ಅಡಿಕೆ ಮರ ಇಟ್ಟುಕೊಂಡಿರುವ ಮನೆಯವರಿಗೂ ಈ ಕಾಗದದ ಸಂಗತಿ ಒಂದೇ ಥರ ತಾಗುತ್ತದೆ.

ಈಗ ಉತಾರ ಮೊಬೈಲಿನಲ್ಲೇ ನೋಡಬಹುದು. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಆದರೆ 9ನೇ ಕಾಲಮ್ಮಿನಲ್ಲಿ, ಮಾಲೀಕರ ಹೆಸರಿರುವ ಜಾಗದಲ್ಲಿ, ಎಷ್ಟೋ ಮನೆಗಳಲ್ಲಿ ತೀರಿಹೋಗಿ ವರ್ಷಗಳಾದ ಅಜ್ಜನ ಹೆಸರೇ ಇರುತ್ತದೆ. "ಕಂಪ್ಯೂಟರಿಗೆ ಬಂದ್ಮೇಲೆ ತನ್ನಷ್ಟಕ್ಕೆ ಸರಿಯಾಗ್ಬೇಕಿತ್ತಲ್ಲ ಉಸ್ತಾದ್?" ಎಂದು ಕೇಳುವವರು ಬಹಳ ಮಂದಿ. ತನ್ನಷ್ಟಕ್ಕೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದು ಗೊತ್ತಾದರೆ ನಾವು ಏನು ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಹಳೆ ಮನೆಗೆ ಹೊಸ ಬಾಗಿಲು

1956ರ ಮೊದಲು ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ದಕ್ಷಿಣ ಕನ್ನಡ ಮದರಾಸಿನಲ್ಲಿತ್ತು. ಲೆಕ್ಕ ಬರೆಯುವ ಪದ್ಧತಿಯೇ ಬೇರೆ ಬೇರೆ. ಇಲ್ಲಿ ಕುಲಕರ್ಣಿ, ತಲಾಠಿ, ಅಲ್ಲಿ ಶ್ಯಾನುಭೋಗ. 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ರಾಜ್ಯಕ್ಕೆಲ್ಲ ಒಂದೇ ಕಾನೂನು ಆಯಿತು. ಆದರೂ ಕೈಬರಹದ ಪುಸ್ತಕ ಗ್ರಾಮಲೆಕ್ಕಿಗರ ಕೈಯಲ್ಲೇ ಇತ್ತು. ಅವರು ಸಿಕ್ಕರೆ ಕಾಗದ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದರು. ತಂತ್ರಾಂಶವನ್ನು ಕೇಂದ್ರ ಸರಕಾರದ ಎನ್‌ಐಸಿ ಬರೆಯಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ತಾಲೂಕು ಕಚೇರಿಗಳಲ್ಲಿ ಕೂತು ಟೈಪ್ ಮಾಡಿದರು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಮುದ್ರಿತ ಪ್ರತಿ ಕೈಗೆ ಬಂತು. ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರಕಾರವೇ ಹೇಳಿತು. ಸಣ್ಣ ಕೆಲಸವಲ್ಲ ಅದು.

ಆದರೆ ಆಗಿನ ತಂತ್ರಾಂಶ ಇಂದಿನದಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಶುವಲ್ ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಂ, ಹಿಂದೆ ಒಂದು ಡೇಟಾಬೇಸ್. ಆಯಾ ತಾಲೂಕಿನ ದಾಖಲೆ ಆಯಾ ತಾಲೂಕಿನ ಸರ್ವರಿನಲ್ಲಿ. ಪ್ರೋಗ್ರಾಂನಲ್ಲಿ ಏನಾದರೂ ಬದಲಿಸಬೇಕೆಂದರೆ ಪ್ರತಿ ಕಚೇರಿಯಲ್ಲೂ ಬದಲಿಸಬೇಕು. ಕಲಘಟಗಿಯ ಮನುಷ್ಯ ತನ್ನ ಉತಾರಕ್ಕೆ ಕಲಘಟಗಿಗೇ ಹೋಗಬೇಕು.

ಆಮೇಲೆ ದಾಖಲೆಗಳನ್ನೆಲ್ಲ ಬೆಂಗಳೂರಿನ ಒಂದೇ ಡೇಟಾ ಸೆಂಟರಿಗೆ ಸೇರಿಸಿದರು. ಅದರ ಮೇಲೆ ವೆಬ್ ಪುಟಗಳನ್ನು ಕಟ್ಟಿದರು. ಪ್ರೋಗ್ರಾಂ ಈಗ ನಮ್ಮ ಕಂಪ್ಯೂಟರಿನಲ್ಲಿ ಇರಬೇಕಾಗಿಲ್ಲ, ಬ್ರೌಸರ್ ಇದ್ದರೆ ಸಾಕು. ನಮ್ಮ ಹುಡುಗರು ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ ಜಾವಾಸ್ಕ್ರಿಪ್ಟ್, ರಿಯಾಕ್ಟ್ ಎಂದು ಕಲಿಯುತ್ತಾರಲ್ಲ, ಇಂಥ ಪುಟ ಕಟ್ಟುವ ವಿದ್ಯೆ ಅದು. ಹಳೆಯದನ್ನು ಕೆಡವಿ ಮೊದಲಿಂದ ಬರೆಯುವುದಲ್ಲ. ಹಳೆಯ ದಾಖಲೆಯನ್ನು ಉಳಿಸಿಕೊಂಡು ಅದಕ್ಕೆ ಹೊಸ ಬಾಗಿಲು ಇಡುವುದು. ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ, ದೊಡ್ಡ ಕಂಪೆನಿಗಳಲ್ಲಿ ಆಗಿರುವುದೂ ಹೆಚ್ಚುಕಡಿಮೆ ಇದೇ.

ಬುದ್ಧಿವಂತಿಕೆಯ ದಾರಿಯೇ ಅದು. ಇಷ್ಟು ವರ್ಷದ ಹಕ್ಕು-ವ್ಯವಹಾರ ಅದರೊಳಗಿದೆ, ಎಸೆಯಲಿಕ್ಕೆ ಬರುವುದಿಲ್ಲ. ಆದರೆ ಬಾಗಿಲು ಹೊಸದಾದ ಮಾತ್ರಕ್ಕೆ ಒಳಗಿನ ಸಾಮಾನು ಹೊಸದಾಗುವುದಿಲ್ಲ. ಕೈಬರಹದಲ್ಲಿ ಇದ್ದ ತಪ್ಪನ್ನು ಅಂದು ಹಾಗೆಯೇ ಟೈಪ್ ಮಾಡಿದ್ದರೆ ಇಂದಿನ ಮೊಬೈಲಿನಲ್ಲೂ ಅದೇ ತಪ್ಪು, ಇನ್ನೂ ಚಂದದ ಅಕ್ಷರದಲ್ಲಿ. ಸರ್ವೆ ನಂಬರಿನ ಜಾಗದಲ್ಲಿ ಹೆಸರು ಬರೆದರೆ ವೆಬ್ ಪುಟ ಕೆಂಪು ಗೆರೆ ತೋರಿಸುತ್ತದೆ. ತೀರಿಕೊಂಡವರ ಹೆಸರು ಇದ್ದರೆ ಸುಮ್ಮನಿರುತ್ತದೆ. ಅದಕ್ಕೆ ಗೊತ್ತಿಲ್ಲ, ನಾವು ಹೇಳಬೇಕು.

ಮೊಯಿದ್ದೀನ್ ಒಬ್ಬರೇ, ಕಂಪ್ಯೂಟರಿಗೆ ನಾಲ್ಕು ಮಂದಿ

ನಮ್ಮವರ ಹೆಸರಿನ ಕತೆ ಇನ್ನೊಂದು. ಮುಹ್ಯಿದ್ದೀನ್ ಎಂಬ ಹೆಸರು ಒಂದು ದಾಖಲೆಯಲ್ಲಿ ಮೊಯಿದ್ದೀನ್, ಇನ್ನೊಂದರಲ್ಲಿ ಮೊಯಿದಿನ್, ಮತ್ತೊಂದರಲ್ಲಿ ಮೈಯದ್ದಿ, ಮಗದೊಂದರಲ್ಲಿ ಮೊಯ್ದು. ಈ ಕಡೆ ಖಾದರಸಾಬ ಅಂತ ಉತಾರದಲ್ಲಿ ಇರುತ್ತದೆ, ಆಧಾರ್‌ನಲ್ಲಿ ಅಬ್ದುಲ್ ಖಾದರ್ ಅಂತ ಇರುತ್ತದೆ. ಊರವರಿಗೆಲ್ಲ ಗೊತ್ತು ಒಬ್ಬರೇ ಅಂತ. ಗ್ರಾಮಲೆಕ್ಕಿಗರಿಗೂ ಗೊತ್ತಿತ್ತು. ಪುಸ್ತಕದ ಕಾಲದಲ್ಲಿ ಆ 'ಗೊತ್ತು' ಸಾಕಾಗುತ್ತಿತ್ತು. ಕಂಪ್ಯೂಟರ್ ಅಕ್ಷರ ನೋಡುತ್ತದೆ, ಮುಖ ನೋಡುವುದಿಲ್ಲ.

ಅಕ್ಷರದಲ್ಲೂ ಒಂದು ಸಿಕ್ಕು ಉಂಟು. 20-25 ವರ್ಷ ಹಿಂದಿನ ಹೆಚ್ಚಿನ ಕನ್ನಡ ತಂತ್ರಾಂಶಗಳು ಅಕ್ಷರದ ಆಕಾರಕ್ಕೆ ತಮ್ಮದೇ ಸಂಕೇತ ಕೊಡುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೊಜಲು. ಟೈಪ್ ಮಾಡುವುದಕ್ಕೆ ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಬಂದು ಕೆಲಸ ಹಗುರವಾಯಿತು. ಒಳಗಿನ ಸಂಕೇತ ಮಾತ್ರ ಬೇರೆ ಬೇರೆಯೇ ಉಳಿಯಿತು. ವೆಬ್‌ಗೆ ಬೇಕಾದದ್ದು ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್. ಹಳೆಯದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ಜಾರಿತೆಂದರೆ ಹೆಸರು ಬದಲಾಯಿತು. ಫಾತಿಮಾ ಎಂದು ಬರೆದದ್ದೂ ಫ಼ಾತಿಮಾ ಎಂದು ಚುಕ್ಕಿ ಇಟ್ಟು ಬರೆದದ್ದೂ ನಮಗೆ ಒಂದೇ, ಯಂತ್ರಕ್ಕೆ ಎರಡು. ಮದ್ರಸದ ಹಳೆಯ ಅಂಕಪಟ್ಟಿ, ಜಮಾಅತ್‌ನ ಹಳೆಯ ಸದಸ್ಯರ ಪಟ್ಟಿ ಸಿಡಿಯಲ್ಲಿ ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ. ತೆರೆಯುವ ಕಂಪ್ಯೂಟರ್ ಇನ್ನೂ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿ, ಒಮ್ಮೆ ಕಣ್ಣಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ಹೆಸರು ತಪ್ಪಿದರೆ

ಮೊದಲು ಉತಾರ ಬೇಕಾದದ್ದು ಸಾಲಕ್ಕೆ ಅಥವಾ ಮಾರಾಟಕ್ಕೆ. ಈಗ ಭೂಮಿಯ ದಾಖಲೆಗೆ ಬೇರೆ ಬೇರೆ ವೆಬ್ ವ್ಯವಸ್ಥೆಗಳು ಜೋಡಿಕೊಂಡಿವೆ. ನೋಂದಣಿ ಇಲಾಖೆಯ 'ಕಾವೇರಿ'ಯಲ್ಲಿ ಪತ್ರ ನೋಂದಣಿಯಾದರೆ ಅದರ ಮಾಹಿತಿ ಭೂಮಿಗೆ ಹೋಗಿ ಹಕ್ಕು ಬದಲಾವಣೆ ಶುರುವಾಗುತ್ತದೆ. ರೈತರ ನೋಂದಣಿಯ 'ಫ್ರೂಟ್ಸ್', ಬೆಳೆವಿಮೆಯ 'ಸಂರಕ್ಷಣೆ', ಬೆಳೆನಷ್ಟದ 'ಪರಿಹಾರ' ಇವೆಲ್ಲ ನೋಡುವುದು ಅದೇ ಸರ್ವೆ ನಂಬರು, ಅದೇ ಹೆಸರು.

ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದ ಕಡೆ ಹೆಸರು, ಹತ್ತಿ, ಉಳ್ಳಾಗಡ್ಡಿ ನೀರುಪಾಲಾದಾಗ ಪರಿಹಾರದ ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಉತ್ತಿದ್ದು ಮೊಮ್ಮಗ, ಬಿತ್ತಿದ್ದು ಮೊಮ್ಮಗ, ಉತಾರದಲ್ಲಿರುವುದು ಅಜ್ಜ. ತೀರಿಹೋದ ಅಜ್ಜನಿಗೆ ಆಧಾರ್ ಎಲ್ಲಿಂದ ಬರಬೇಕು? ಹಣ ನಿಂತಿತು. ಬೆಂಬಲ ಬೆಲೆಗೆ ಕಾಳು ಕೊಡಲಿಕ್ಕೆ ಹೋದರೂ ಅದೇ ಪ್ರಶ್ನೆ. ಹಿಂದೆ ತಪ್ಪು ಕಪಾಟಿನೊಳಗೆ ಮಲಗಿರುತ್ತಿತ್ತು. ಈಗ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ನಮಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಇನ್ನೊಂದು ಸಣ್ಣ ವಿಷಯ. ಅಣ್ಣಿಗೇರಿ ಮೊದಲು ನವಲಗುಂದ ತಾಲೂಕಿಗೆ ಸೇರಿತ್ತು, ಈಗ ಪ್ರತ್ಯೇಕ ತಾಲೂಕು. ಹಳೆ ಕಾಗದದಲ್ಲಿ ನವಲಗುಂದ ಎಂದಿರುತ್ತದೆ, ಪರದೆಯಲ್ಲಿ ಅಣ್ಣಿಗೇರಿ ಹುಡುಕಬೇಕು. ಊರಲ್ಲೂ ಮೂಡುಬಿದಿರೆ, ಕಡಬ, ಉಳ್ಳಾಲ, ಕಾಪು ಕಡೆಯವರಿಗೆ ಹೀಗೆಯೇ. "ನಮ್ಮ ಜಾಗವೇ ಕಾಣುವುದಿಲ್ಲ" ಎಂದು ಗಾಬರಿಯಾಗುವ ಮೊದಲು ತಾಲೂಕು ಬದಲಿಸಿ ನೋಡಿ.

ಹೆಣ್ಣುಮಕ್ಕಳ ಪಾಲು

2025ರಲ್ಲಿ ಸರಕಾರ ಇ-ಪೌತಿ ಖಾತೆಯ ಕೆಲಸ ಶುರು ಮಾಡಿತು. ತೀರಿಕೊಂಡವರ ಹೆಸರಿನಲ್ಲಿ ಉಳಿದಿರುವ ಜಮೀನನ್ನು ವಾರಸುದಾರರ ಹೆಸರಿಗೆ ತರುವುದು ಇದರ ಉದ್ದೇಶ. ಈ ಕಡೆ ಅದಕ್ಕೆ ವಾರಸಾ ಎನ್ನುತ್ತಾರೆ. ಮರಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರ ಆಧಾರ್ ಬೇಕು.

ಮದ್ರಸದಲ್ಲಿ ಕಲಿಸುವ ನಮಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ವಂಶವೃಕ್ಷ ಬರೆಸುವಾಗ ಗಂಡುಮಕ್ಕಳ ಹೆಸರು ಮಾತ್ರ ಬರೆಸಿ "ಅಕ್ಕಂದಿರು ಮದುವೆಯಾಗಿ ಹೋಗಿದ್ದಾರಲ್ಲ" ಎನ್ನುವ ರೂಢಿ ಈ ಕಡೆಯೂ ಉಂಟು, ಊರಲ್ಲೂ ಉಂಟು. ಕುರ್‌ಆನ್ ವಾರೀಸು ಹಕ್ಕಿನ ಪಾಲನ್ನು ಲೆಕ್ಕ ಹಾಕಿಯೇ ಹೇಳಿದೆ. ಒಬ್ಬರು 4 ಎಕರೆ ಬಿಟ್ಟು ತೀರಿಕೊಂಡರು ಎನ್ನಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ತಂದೆತಾಯಿ ಮೊದಲೇ ಹೋಗಿದ್ದಾರೆ. 4 ಎಕರೆ ಎಂದರೆ 160 ಗುಂಟೆ. ಕಫನಿನ ಖರ್ಚು, ಸಾಲ, ವಸಿಯ್ಯತ್ ತೀರಿದ ಮೇಲೆ ಹೆಂಡತಿಗೆ ಎಂಟರಲ್ಲಿ ಒಂದು, 20 ಗುಂಟೆ. ಉಳಿದ 140ರಲ್ಲಿ ಮಗನಿಗೆ 70, ಹೆಣ್ಣುಮಕ್ಕಳಿಗೆ ತಲಾ 35. ಮದುವೆಗೆ ಖರ್ಚು ಮಾಡಿದ್ದು ಈ 35 ಗುಂಟೆಯಲ್ಲಿ ವಜಾ ಆಗುವುದಿಲ್ಲ. ತಂಗಿ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಬೇರೆ. ಗೊತ್ತಿಲ್ಲದೆ ಹೋದದ್ದು ಬಿಟ್ಟುಕೊಟ್ಟದ್ದಲ್ಲ.

ವೆಬ್ ವ್ಯವಸ್ಥೆಯಲ್ಲಿ ಒಂದು ಒಳ್ಳೆಯದೂ ಒಂದು ಅಪಾಯವೂ ಉಂಟು. ಹೆಸರು ಕೈಬಿಟ್ಟರೆ ಈಗ ಯಾರು ಬೇಕಾದರೂ ಉತಾರ ತೆರೆದು ನೋಡಬಹುದು, ಇದು ಒಳ್ಳೆಯದು. ಆದರೆ ಅಣ್ಣ ಫೋನ್ ಮಾಡಿ "ಒಂದು ಓಟಿಪಿ ಬರ್ತದೆ, ಹೇಳಿಬಿಡು" ಎಂದರೆ, ಯಾವುದಕ್ಕೆ ಎಂದು ಕೇಳದೆ ಹೇಳಬಾರದು. ಹಿಂದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಮನೆಗಾದರೂ ಬರಬೇಕಿತ್ತು. ಈಗ ಆರು ಅಂಕಿ ಸಾಕು. ತಂಗಿಯರೂ ಕೇಳಬೇಕು, ಅಣ್ಣಂದಿರೂ ತಾವಾಗಿಯೇ ತಿಳಿಸಬೇಕು.

ಬಾಗಿಲಿದ್ದರೆ ಕಳ್ಳನೂ ಬರ್ತಾನೆ

2023ರಲ್ಲಿ ಮಂಗಳೂರು ಕಡೆ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಹೋದದ್ದು ಓದುಗರಿಗೆ ನೆನಪಿರಬಹುದು. ನೋಂದಣಿ ಪತ್ರದ ಬೆರಳಚ್ಚನ್ನು ಕದ್ದು ಆಧಾರ್ ಮೂಲಕ ಹಣ ತೆಗೆದಿದ್ದರು. 2025ರ ಜನವರಿಯಲ್ಲಿ ಕಾವೇರಿ 2.0ರ ಮೇಲೆ ಸೈಬರ್ ದಾಳಿ ನಡೆದು ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿತು. ಹಾಗೆಂದು ವೆಬ್ ಬೇಡ ಎನ್ನಲಾಗದು. ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡುವ ಸೌಲಭ್ಯ ಉಚಿತವಾಗಿ ಉಂಟು. ಮನೆಯ ಹುಡುಗರಿಂದ ಮಾಡಿಸಿ, ಬೇಕಾದಾಗ ತೆರೆಸಿ. ಮೂಲ ಕಾಗದವನ್ನು ಮಾತ್ರ ಯಾವತ್ತೂ ಬಿಸಾಡಬೇಡಿ. ಪರದೆಯಲ್ಲಿ ತಪ್ಪು ಕಂಡರೆ ಅದನ್ನು ತಿದ್ದಲು ಆಧಾರ ಅದೇ.

ಅಂಗಡಿಯವರಿಗೂ ಇದೇ ಪಾಠ

ಹುಬ್ಬಳ್ಳಿಯಲ್ಲಿ, ತಾಲೂಕು ಪೇಟೆಗಳಲ್ಲಿ ಅಂಗಡಿ ಇಟ್ಟಿರುವ ನಮ್ಮವರ ಬಳಿ ಹಳೆಯ ಬಿಲ್ಲಿಂಗ್ ಕಂಪ್ಯೂಟರ್ ಇನ್ನೂ ಓಡುತ್ತಿರುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಎಲ್ಲರೂ ವೆಬ್‌ಗೆ ಬರಲೇಬೇಕಾಯಿತು. ಹೊಸ ಸಾಫ್ಟ್‌ವೇರ್ ಮಾರುವವನು "ಹಳೇದು ತೆಗೆದುಬಿಡಿ ಸಾರ್" ಎನ್ನುತ್ತಾನೆ. ಅವಸರ ಬೇಡ. ಒಂದೆರಡು ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿ. ಸಾಲದ ಬಾಕಿ, ಸ್ಟಾಕ್ ಎರಡರಲ್ಲೂ ಒಂದೇ ಬರುತ್ತದೆಯೇ ನೋಡಿ. ತಾಳೆಯಾದ ಮೇಲೆ ಹಳೆಯದರ ಪ್ರತಿ ತೆಗೆದಿಟ್ಟು ನಿಲ್ಲಿಸಿ. ಇನ್ನೊಬ್ಬರಿಗೆ ಕೊಡಬೇಕಾದ ಬಾಕಿ ಹೊಸ ಕಂಪ್ಯೂಟರಿನಲ್ಲಿ ಕಾಣಲಿಲ್ಲ ಎಂದರೆ ಅದು ತೀರಿತು ಎಂದಲ್ಲ. ಸಾಲವನ್ನು ಬರೆದಿಡಿ ಎಂದು ಹೇಳುವ ಆಯತ್ತೇ ಕುರ್‌ಆನಿನ ಅತಿ ದೀರ್ಘ ಆಯತ್ತು ಎಂಬುದನ್ನು ಮರೆಯಬಾರದು.

ಈ ವಾರ ಮಾಡಬಹುದಾದದ್ದು

ಮನೆಯಲ್ಲಿ ಎಲ್ಲರೂ ಕೂತು ನಿಮ್ಮ ಸರ್ವೆ ನಂಬರಿನ ಉತಾರ ತೆರೆಯಿರಿ. 9ನೇ ಕಾಲಮ್ಮಿನ ಹೆಸರು ನೋಡಿ. 11ನೇ ಕಾಲಮ್ಮಿನಲ್ಲಿ ತೀರಿಸಿದ ಸಾಲ ಇನ್ನೂ ಇದೆಯೇ ನೋಡಿ; ಇದ್ದರೆ ಬ್ಯಾಂಕಿನಿಂದ ಸಾಲ ತೀರಿದ ಪತ್ರ ತನ್ನಿ. ಹೆಸರಿನ ಅಕ್ಷರವನ್ನು ಆಧಾರ್ ಜೊತೆ ಹೋಲಿಸಿ. ಬರವಣಿಗೆಯ ತಪ್ಪಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಹೆಸರಿರುವವರು ತೀರಿಕೊಂಡಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕಂಡು ಪೌತಿ ಖಾತೆ ಕೇಳಿ, ಹೆಣ್ಣುಮಕ್ಕಳ ಹೆಸರು ಸೇರಿಸಿಯೇ.

ಜಮಾಅತ್‌ಗಳು ಶುಕ್ರವಾರ ಜುಮಾ ಬಳಿಕ ಒಂದು ಗಂಟೆ ಕಂಪ್ಯೂಟರ್ ಗೊತ್ತಿರುವ ಇಬ್ಬರು ಹುಡುಗರನ್ನು ಕೂರಿಸಿದರೆ ಸಾಕು. ಅವರಿಗೆ ಪುಟ ತೆರೆಯಲು ಬರುತ್ತದೆ. ಯಾರು ಯಾರ ಮಗಳು, ಯಾವ ಖಾದರ್ ಯಾವ ಖಾದರಸಾಬ ಎಂದು ಹಿರಿಯರಿಗೆ ಗೊತ್ತು. ಹಿರಿಯರು ಇರುವಾಗಲೇ ಈ ಕೆಲಸ ಮುಗಿಯಬೇಕು. ಅವರು ಹೋದ ಮೇಲೆ ಎಷ್ಟು ಹೊಸ ವೆಬ್‌ಸೈಟ್ ಬಂದರೂ ಅದನ್ನು ಹೇಳಲಿಕ್ಕೆ ಯಾರೂ ಇರುವುದಿಲ್ಲ.