‘ಸಕಾಲ’ ಕಾಯ್ದೆ ಮತ್ತು ವರ್ತಕರ ಹೊಣೆ

ಆಡಳಿತ ಸುಧಾರಣೆಯ ಮಾತು ರಾಜ್ಯಕ್ಕೆ ಹೊಸದಲ್ಲ. ಹಾರನಹಳ್ಳಿ ರಾಮಸ್ವಾಮಿಯವರ ಅಧ್ಯಕ್ಷತೆಯ ಆಯೋಗವು 2001ರಲ್ಲಿಯೇ ಈ ಕುರಿತು ವರದಿ ನೀಡಿತ್ತು. ಆದರೆ ಸರ್ಕಾರಿ ನೌಕರನ ವಿಳಂಬಕ್ಕೆ ಬೆಲೆ ಕಟ್ಟಿದ್ದು 2011ರ ಸೇವಾ ಖಾತರಿ ಕಾಯ್ದೆ. 2010ರಲ್ಲಿ ಮಧ್ಯಪ್ರದೇಶವು ಹಾಕಿದ ಮೇಲ್ಪಂಕ್ತಿಯನ್ನು ಅನುಸರಿಸಿದ ಈ ಕಾಯ್ದೆ, 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಡನೆ ‘ಸಕಾಲ’ ಎಂಬ ಹೆಸರಿನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂತು. ಅನಂತರ ಸೇವೆಗಳ ಪಟ್ಟಿ ಹಲವು ಪಟ್ಟು ಬೆಳೆದಿದೆ.

ಕಾಯ್ದೆಯ ಕ್ರಮ ಸರಳವಾದುದು. ಪ್ರತಿ ಸೇವೆಗೂ ಇಂತಿಷ್ಟು ದಿನಗಳೆಂಬ ಗಡುವಿದೆ. ಅರ್ಜಿದಾರನಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ದೊರೆಯಬೇಕು. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಮೊರೆಹೋಗಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವುಂಟು. ಅದು ತಪ್ಪಿತಸ್ಥ ನೌಕರನ ಸಂಬಳದಿಂದ ವಸೂಲಾಗುತ್ತದೆ.

ಇಲ್ಲೊಂದು ಲೆಕ್ಕ ಗಮನಾರ್ಹ. ಬನಹಟ್ಟಿಯ ನೇಕಾರನೊಬ್ಬ ಶೇ. 12ರ ಬಡ್ಡಿಗೆ 5 ಲಕ್ಷ ರೂ. ಸಾಲ ತಂದು ವಿದ್ಯುತ್ ಮಗ್ಗ ಕೂಡಿಸಿದನೆಂದು ಇಟ್ಟುಕೊಳ್ಳೋಣ. ನಗರಸಭೆಯ ಉದ್ದಿಮೆ ಪರವಾನಗಿ ಒಂದು ತಿಂಗಳು ತಡವಾದರೆ ಬಡ್ಡಿಯೇ 5,000 ರೂ. ಆಗುತ್ತದೆ, ಪರಿಹಾರವಾದರೋ 25 ದಿನಕ್ಕೇ 500 ರೂ.ಗೆ ನಿಂತುಬಿಡುತ್ತದೆ. ಆದ್ದರಿಂದ ಕಾಯ್ದೆಯ ನಿಜವಾದ ಬಲವಿರುವುದು ಹಣದಲ್ಲಲ್ಲ. ವಿಳಂಬವು ನಿರ್ದಿಷ್ಟ ಅಧಿಕಾರಿಯ ಹೆಸರಿನಲ್ಲಿ ದಾಖಲಾಗುವುದರಲ್ಲಿ.

ಆ ದಾಖಲೆ ಆರಂಭವಾಗುವುದೇ ಸ್ವೀಕೃತಿ ಸಂಖ್ಯೆಯಿಂದ. ಜಮಖಂಡಿ, ಮುಧೋಳ, ಬೀಳಗಿಗಳ ಪೇಟೆಗಳಲ್ಲಿಯೂ, 2018ರಲ್ಲಿ ಹೊಸ ತಾಲ್ಲೂಕಾದ ರಬಕವಿ-ಬನಹಟ್ಟಿಯಲ್ಲಿಯೂ ಎಷ್ಟೋ ವರ್ತಕರು ಕಾಗದಪತ್ರಗಳನ್ನು ಪರಿಚಯದವರ ಕೈಗಿತ್ತು, ‘ನಾಳೆ ಬರ್ರಿ’ ಎಂಬ ಮಾತನ್ನು ನಂಬಿ ಹಿಂದಿರುಗುವರು. ಸಂಖ್ಯೆಯಿಲ್ಲದ ಅರ್ಜಿಗೆ ಗಡುವಿಲ್ಲ. ಗಡುವಿಲ್ಲದಲ್ಲಿ ಮೇಲ್ಮನವಿಯೂ ಇಲ್ಲ. ಅಪೂರ್ಣ ದಾಖಲೆಗಳನ್ನು ಸಲ್ಲಿಸುವುದೂ ತಿರಸ್ಕಾರಕ್ಕೆ ದಾರಿ ಮಾಡಿಕೊಡುತ್ತದೆ.

ಖಾಲಿ ಹುದ್ದೆಗಳನ್ನು ಈ ಕಾಯ್ದೆ ತುಂಬಲಾರದು. ಒಬ್ಬನೇ ಗುಮಾಸ್ತನು ಮೂವರ ಕೆಲಸ ಮಾಡುವಲ್ಲಿ ದಂಡದಿಂದ ವೇಗ ಹುಟ್ಟದು. ಆದರೆ ವಿಳಂಬವು ದಾಖಲೆಗೆ ಬಂದಾಗ ಮಾತ್ರ ಸಿಬ್ಬಂದಿಯ ಕೊರತೆಯೂ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಅಂಗಡಿಯಲ್ಲಿ ರಸೀದಿಯಿಲ್ಲದೆ ಸರಕು ಕೊಡದ ವರ್ತಕನು ಕಚೇರಿಯಲ್ಲಿಯೂ ಸ್ವೀಕೃತಿಯಿಲ್ಲದೆ ಅರ್ಜಿ ಕೊಡದಿರುವುದು ಲೇಸು.