ರಫ್ತು ಸರಕಿನ ಕಸ್ಟಮ್ಸ್ ದಾಖಲೆಗಳು: ಸಣ್ಣ ರಫ್ತುದಾರರಿಗೆ ಮಾಹಿತಿ

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಿಂದ ಹೊರದೇಶಕ್ಕೆ ಸರಕು ಕಳುಹಿಸಲಿಚ್ಛಿಸುವವರು ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತವನ್ನು ಪಡೆದಿರತಕ್ಕದ್ದು. ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕು, ಶುಲ್ಕ ರೂ. 500. ಅರ್ಜಿದಾರರ ಪ್ಯಾನ್ ಸಂಖ್ಯೆಯೇ ಸಂಕೇತ ಸಂಖ್ಯೆಯಾಗಿರುತ್ತದೆ. ಬದಲಾವಣೆ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಅವಧಿಯಲ್ಲಿ ವಿವರಗಳನ್ನು ದೃಢೀಕರಿಸಬೇಕು. ತಪ್ಪಿದಲ್ಲಿ ಸಂಕೇತವು ನಿಷ್ಕ್ರಿಯಗೊಳ್ಳುತ್ತದೆ. ಸರಕು ಕಟ್ಟುವ ಮುನ್ನವೇ ಇದನ್ನು ಪರಿಶೀಲಿಸಿಕೊಳ್ಳುವುದು ಕ್ಷೇಮ.

ಬ್ಯಾಂಕಿನಿಂದ ಪಡೆದ ಎ.ಡಿ. ಕೋಡ್ ಅನ್ನು ಸರಕು ಹೊರಡುವ ಸ್ಥಳಕ್ಕೆ ಐಸ್‌ಗೇಟ್ ಜಾಲತಾಣದಲ್ಲಿ ನೋಂದಾಯಿಸಬೇಕು. ವಿಮಾನದ ಸರಕಿಗೆ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಹಡಗಿಗೆ ಹೋಗುವ ಕಂಟೈನರಿಗೆ ವೈಟ್‌ಫೀಲ್ಡ್‌ನ ಒಳನಾಡು ಕಂಟೈನರ್ ಡಿಪೊವೂ ಹತ್ತಿರದವು. ತೆರಿಗೆ ಪಾವತಿಸದೆ ರಫ್ತು ಮಾಡುವವರು ಜಿ.ಎಸ್‌.ಟಿ. ಮುಚ್ಚಳಿಕೆ ಪತ್ರವನ್ನು ಪ್ರತಿ ಹಣಕಾಸು ವರ್ಷಕ್ಕೂ ಸಲ್ಲಿಸಬೇಕು.

1962ರ ಕಸ್ಟಮ್ಸ್ ಅಧಿನಿಯಮದ 50ನೇ ಪ್ರಕರಣದನ್ವಯ ಸಲ್ಲಿಸುವ ಷಿಪ್ಪಿಂಗ್ ಬಿಲ್ಲೇ ಮುಖ್ಯ ದಾಖಲೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮತ್ತು ಷಿಪ್ಪಿಂಗ್ ಬಿಲ್ಲಿನಲ್ಲಿ ಪೆಟ್ಟಿಗೆಗಳ ಸಂಖ್ಯೆ, ನಿವ್ವಳ ತೂಕ, ಒಟ್ಟು ತೂಕ ಒಂದೇ ಆಗಿರತಕ್ಕದ್ದು. ವಿವರಣೆಯೂ ನಿಖರವಾಗಿರಬೇಕು. ಅಗರಬತ್ತಿಯನ್ನು ಕೇವಲ "ಪೂಜಾ ಸಾಮಗ್ರಿ" ಎಂದು ನಮೂದಿಸದೆ, ಅಗರಬತ್ತಿಯೆಂದೇ 33074100 ಶೀರ್ಷಿಕೆಯಡಿ ನಮೂದಿಸುವುದು. ನಂತರದ ತಿದ್ದುಪಡಿಗೆ 149ನೇ ಪ್ರಕರಣದನ್ವಯ ಅನುಮತಿ ಬೇಕು. ಅಷ್ಟರಲ್ಲಿ ಹಡಗು ತಪ್ಪಬಹುದು.

ಪರವಾನಗಿ ಪಡೆದ ಕಸ್ಟಮ್ಸ್ ದಲ್ಲಾಳಿಗಳ ಮೂಲಕ ದಾಖಲೆ ಸಲ್ಲಿಸಬಹುದು. ಆದರೂ ನಮೂದುಗಳ ಸತ್ಯತೆಗೆ ರಫ್ತುದಾರರೇ ಹೊಣೆಗಾರರಾಗಿರುವುದರಿಂದ, ಕರಡನ್ನು ತಾವೇ ಓದಿ ಒಪ್ಪಿಗೆ ನೀಡಬೇಕಾಗಿ ಕೋರಲಾಗಿದೆ.