ನದಿ ಹೆಪ್ಪುಗಟ್ಟಿದರೆ ಶಾಲೆಗೆ ದಾರಿ

ಶಾಲೆ ಸೇರಲು ಒಂದು ವಾರ ನಡೆಯಬೇಕು. ಅದೂ ನೆಲದ ಮೇಲಲ್ಲ, ನದಿಯ ಮೇಲೆ! ಲಡಾಖಿನ ಝಂಸ್ಕಾರ್ ಕಣಿವೆಯ ಎಷ್ಟೋ ಮಕ್ಕಳ ಬಾಲ್ಯ ಹೀಗೆಯೇ ಕಳೆದಿದೆ.

ಕಣಿವೆಯ ಮುಖ್ಯ ಊರಾದ ಪದುಮ್ ಇರುವುದು 3,600 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ. 1980ರ ಸುಮಾರಿಗೆ ಕಾರ್ಗಿಲ್‌ನಿಂದ ರಸ್ತೆಯೇನೋ ಬಂತು. ಆದರೆ ಅದು ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ದಾಟಬೇಕು ('ಲಾ' ಎಂದರೆ ಅಲ್ಲಿಯ ಮಾತಿನಲ್ಲಿ ಘಟ್ಟದ ದಾರಿ). ಹಿಮ ಬಿತ್ತೆಂದರೆ ತಿಂಗಳುಗಟ್ಟಲೆ ಬಂದ್. ಆಗ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ. ಕೆಳಗೆ ಕೊಟ್ಟಿಗೆ, ದನಕುರಿಗಳ ಮೈಬಿಸಿಯೂ ಮನೆಗೆ ಆಸರೆ. ಒಲೆಗೆ ಬೆರಣಿ, ಹೊಟ್ಟೆಗೆ ಬಾರ್ಲಿಯ ಹುರಿಹಿಟ್ಟು, ಬೆಣ್ಣೆ ಕದಡಿದ ಉಪ್ಪು ಚಹಾ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಚಳಿ!

ಊರಲ್ಲಿ ಶಾಲೆ ಇಲ್ಲವೆಂದಲ್ಲ. ಲಡಾಖಿನ ಸರ್ಕಾರಿ ಶಾಲೆಗಳಲ್ಲಿ ಬಹುಕಾಲ ಮೊದಲು ಉರ್ದು, ಹೈಸ್ಕೂಲಿಗೆ ಬಂದೊಡನೆ ಇಂಗ್ಲಿಷ್. ಮನೆಮಾತಿಗೆ ಎರಡೂ ದೂರ. ಫೇಲಾಗದೆ ಇನ್ನೇನಾದೀತು? ಹೀಗಾಗಿ ಅನುಕೂಲವಿದ್ದವರು ಮಕ್ಕಳನ್ನು ಲೇಹ್‌ನ ವಸತಿಶಾಲೆಗೆ ಸೇರಿಸತೊಡಗಿದರು. ಏಳೆಂಟು ವರ್ಷದ ಕೂಸುಗಳು!

ಚಳಿಗಾಲದ ರಜೆ ಮುಗಿಯುವ ಹೊತ್ತಿಗೆ ಘಟ್ಟ ಇನ್ನೂ ಮುಚ್ಚಿಯೇ ಇರುತ್ತದೆ. ಉಳಿದದ್ದು 'ಚಾದರ್' ಒಂದೇ. ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲಿನ ಮಂಜಿನ ಹೊದಿಕೆ. ಅಪ್ಪ ಮುಂದೆ, ಕೋಲಿನಿಂದ ಮಂಜನ್ನು ಕುಟ್ಟುತ್ತ. ಸದ್ದು ಗಟ್ಟಿಯಾಗಿದ್ದರೆ ಹೆಜ್ಜೆ, ಪೊಳ್ಳಾಗಿದ್ದರೆ ಬಂಡೆ ಹತ್ತಿ ಸುತ್ತುದಾರಿ. ಕಾಲೆತ್ತಿದರೆ ಜಾರುತ್ತದೆ, ಎಳೆದುಕೊಂಡೇ ನಡೆಯಬೇಕು. ಮಂಜು ಒಡೆದಲ್ಲಿ ಕೊರೆಯುವ ನೀರಿಗಿಳಿಯುವುದೂ ಉಂಟು, ಆಗ ಮಗು ಅಪ್ಪನ ಬೆನ್ನ ಮೇಲೆ. ರಾತ್ರಿ ಗುಹೆಯಲ್ಲಿ ಬೆಂಕಿ ಹಾಕಿಕೊಂಡು ತಂಗುವುದು. ಚಿಲ್ಲಿಂಗ್ ಮುಟ್ಟಿದರೆ ಅಲ್ಲಿಂದ ಲೇಹ್‌ಗೆ ವಾಹನ.

ಮಗುವನ್ನು ಬಿಟ್ಟು ಅಪ್ಪ ಅದೇ ದಾರಿಯಲ್ಲಿ ಹಿಂದಿರುಗಬೇಕು, ಮಂಜು ಕರಗುವ ಮುನ್ನ. ಅಷ್ಟು ದೂರ ಹೋದ ಮಗು ಮತ್ತೆ ಯಾವಾಗ ಮನೆಗೆ? ಲೇಹ್ ದಾಟಿ ಇನ್ನೂ ದೂರದ ಊರುಗಳಿಗೆ ಹೋದ ಮಕ್ಕಳು ವರ್ಷಗಟ್ಟಲೆ ಅವ್ವನ ಮುಖ ಕಾಣದಿದ್ದುದುಂಟು.

2024ರ ಮಾರ್ಚಿನಲ್ಲಿ ಲೇಹ್ ಬಳಿಯ ನಿಮ್ಮುವಿನಿಂದ ಪದುಮ್ ಮೂಲಕ ಹಿಮಾಚಲದ ದಾರ್ಚಾವರೆಗಿನ 298 ಕಿ.ಮೀ. ರಸ್ತೆ ಕೂಡಿಕೊಂಡಿತು. ಅದೇ ಜುಲೈನಲ್ಲಿ ಶಿಂಕು ಲಾ ಕೆಳಗೆ 4.1 ಕಿ.ಮೀ. ಸುರಂಗದ ಕೆಲಸವೂ ಶುರುವಾಯಿತು. ಚಾದರ್ ಮೇಲೆ ಈಗ ಮೋಜಿಗಾಗಿ ನಡೆಯುವ ಪ್ರವಾಸಿಗರೇ ಹೆಚ್ಚು. ಅವರ ಮೂಟೆ ಹೊತ್ತು, ಮುಂದೆ ಕೋಲು ಕುಟ್ಟುವವರು ಮಾತ್ರ ಝಂಸ್ಕಾರಿನವರೇ.